ಕವಲಿನ ಐವತ್ತು ಅಂಕ

ಹೊಸ ಪೆಟ್ಟಿಗೆ ಬಂದರೆ ಖಲೀಲ್ ಸಾಬ್ರು ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಿದ್ದರು, ಸಂತೆಯಲ್ಲಿ ತೆಂಗಿನಕಾಯಿ ಆರಿಸುವವರ ಹಾಗೆ. ಅದರೊಳಗೆ ನೀರಿಲ್ಲ, ತಿರುಳಿಲ್ಲ. ಏನು ಕೇಳಿಸುತ್ತಿತ್ತೋ ಅವರಿಗೇ ಗೊತ್ತು. ಆಮೇಲೆ ಕನ್ನಡಕವನ್ನು ಹಣೆಗೇರಿಸಿ, "ರುದ್ರಣ್ಣ, ಇದು ಬಾಳ ಮಾತಾಡೋ ಪೈಕಿ ಕಾಣ್ತೈತೆ. ನಾಳೆ ಒಂದು ಸುತ್ತು ಕರ್ಕಂಡು ಹೋಗಾಣ" ಅನ್ನುತ್ತಿದ್ದರು. ಪೆಟ್ಟಿಗೆ ಎಂದರೆ ಕಾರಿನ ಮುಂದಿನ ಗಾಜಿಗೆ ಅಂಟಿಸುವ, ದಾರಿ ತೋರಿಸುವ ಯಂತ್ರ. ಜಿಪಿಎಸ್ ಎಂದು ಅದರ ಹೆಸರು. ಅವರ ಬಾಯಲ್ಲಿ ಮಾತ್ರ ಅದು ಕೊನೆಯವರೆಗೂ ಪೆಟ್ಟಿಗೆಯೇ.

ಒಂಬತ್ತು ದಿನದ ಹಿಂದೆ ನಾನು ಅಜ್ಜನಾದೆ. ಮಗಳು ಸುಮಾಳಿಗೆ ಮದುವೆಯಾಗಿ ಎಂಟು ವರ್ಷಕ್ಕೆ ಹೆಣ್ಣು ಮಗು. ಪೇಡದ ಡಬ್ಬಿ ಹಿಡಿದುಕೊಂಡು ಚಿತ್ರದುರ್ಗವೆಲ್ಲ ತಿರುಗಿದ್ದೇನೆ. ಬಸ್ ಸ್ಟ್ಯಾಂಡಿನಲ್ಲಿ ಕೊಟ್ಟೆ, ಟೀ ಅಂಗಡಿಯಲ್ಲಿ ಕೊಟ್ಟೆ, ಕರೆಂಟಿನ ಮೀಟರ್ ಓದಲು ಬಂದವನ ಬಾಯಿಗೂ ಒಂದು ಇಟ್ಟೆ. "ಯಾರ್ರೀ ನೀವು?" ಎಂದು ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು ಕೇಳಿದರೆ, "ನಾನು ಅಜ್ಜ ಕಣವ್ವ" ಅಂದುಬಿಟ್ಟೆ. ಮನೆ ತುಂಬ ಜನ. ಬೀಗರು, ನಾದಿನಿಯರು, ಎಣ್ಣೆನೀರಿನ ಹೊಗೆ, ಸಾಂಬ್ರಾಣಿ. ನನಗೆ ಅಲ್ಲಿ ಕೂರಲು ಜಾಗವಿಲ್ಲ. ಕೂರಲು ಹೋದರೆ "ಏಳ್ರೀ, ಕೂಸಿನ ಬಟ್ಟೆ ಐತೆ" ಅನ್ನುತ್ತಾರೆ. ನಗುತ್ತಾ ಹೊರಗೆ ಬರುತ್ತೇನೆ. ಹೊರಗೆ ಬಂದಮೇಲೆ ಕಾಲು ತಾನಾಗಿಯೇ ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಗೆ ಹೋಗುತ್ತದೆ. ಅಲ್ಲಿ ಸಾಬರ ಅಂಗಡಿಯ ಬಾಗಿಲು ಎಳೆದಿದೆ. ಈ ಸುದ್ದಿಯನ್ನು ಮೊದಲು ಹೇಳಬೇಕಾಗಿದ್ದದ್ದು ಅವರಿಗೆ. ಅವರು ಹೋಗಿ ವರ್ಷವಾಯಿತು. ಅವರಿಗೆ ಹೇಳಬೇಕಾಗಿದ್ದ ಇನ್ನೊಂದು ಮಾತೂ ನನ್ನ ಬಾಯಲ್ಲೇ ಉಳಿದಿದೆ. ಅದು ಸಂತೋಷದ ಮಾತಲ್ಲ. ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವನು, ಪ್ರೈವೇಟ್ ಬಸ್ಸಿನಲ್ಲಿ ಮೂವತ್ತು ವರ್ಷ ಟಿಕೆಟ್ ಹರಿದವನು. ಟಿಕೆಟಿನ ಹಿಂದೆ ಬರೆದದ್ದಕ್ಕಿಂತ ಉದ್ದವಾಗಿ ಏನೂ ಬರೆದಿಲ್ಲ. ಆದರೂ ಬರೆಯುತ್ತೇನೆ. ಹೇಳಲು ಆಗದೆ ಹೋದದ್ದನ್ನು ಹಾಗಾದರೂ ಇಳಿಸಬಹುದೇನೋ.

ಸಾಬರ ಮನೆತನದವರು ಪಾಳೇಗಾರರ ಕಾಲದಲ್ಲಿ ಕುದುರೆಯ ಜೀನು ಹೊಲಿಯುತ್ತಿದ್ದರಂತೆ. ಅಜ್ಜ ಜಟಕಾಗಾಡಿಗೆ ಮೆತ್ತೆ ಹೊಲಿದರು, ಅಪ್ಪ ಬಸ್ಸಿನ ಸೀಟು ಹೊಲಿದರು. ಇವರು ಕಾರಿನ ಸೀಟಿನಿಂದ ಶುರುಮಾಡಿ ಹಾರನ್ನು, ಟೇಪ್ ರೆಕಾರ್ಡರು ಎಂದು ಮುಂದುವರಿದು ಪೆಟ್ಟಿಗೆಗೆ ಬಂದು ನಿಂತರು. "ಕುದ್ರೇಲಿ ಈ ತಾಪತ್ರಯ ಇರ್ಲಿಲ್ಲ ನೋಡ್ರಿ. ಸವಾರ ನಿದ್ದೆ ಹೋದ್ರೂ ಮನೆ ಮುಟ್ಟಿಸ್ತಿತ್ತು. ಈಗ ನಾವು ಎಚ್ಚರ ಇರ್ತೀವಿ, ದಾರಿ ಗೊತ್ತಿರಲ್ಲ" ಅನ್ನುತ್ತಿದ್ದರು. ಸಣಕಲು ಮೈ, ಗೋರಂಟಿ ಹಚ್ಚಿದ ಕುರುಚಲು ಗಡ್ಡ, ಎದೆಯ ಜೇಬಿನಲ್ಲಿ ಟೆಸ್ಟರ್ ಒಂದು, ಪೆನ್ಸಿಲ್ ಒಂದು. ಅಂಗಡಿಯ ಹಿಂದಿನ ಕೋಣೆಯಲ್ಲಿ ವಾಸ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಆ ಕೋಣೆಯಲ್ಲಿ ಊಟದ ತಟ್ಟೆ ಒಂದೇ ಇತ್ತು, ಟೀ ಲೋಟ ಎರಡು. ಎರಡನೆಯದು ನನ್ನದು.

ರಿಟೈರ್ ಆದಮೇಲೆ ಹೊತ್ತು ಹೋಗದೆ ನಾನು ಅವರ ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂರುತ್ತಿದ್ದೆ. ಒಂದು ದಿನ ಅವರೇ ಕರೆದರು. "ಕಂಡಕ್ಟರ್ ಸಾಹೇಬ್ರೆ, ಸುಮ್ನೆ ಕುಂತಿದೀರಿ. ಬರ್ರಿ, ಪರೀಕ್ಷೆ ಮಾಡೋದೈತೆ."

ಅವರು ಯಾವ ಪೆಟ್ಟಿಗೆಯನ್ನೂ ಪರೀಕ್ಷೆ ಮಾಡದೆ ಗಿರಾಕಿಯ ಕಾರಿಗೆ ಹಾಕುತ್ತಿರಲಿಲ್ಲ. ಕಂಪನಿಯ ಕಾಗದದಲ್ಲಿ ಏನು ಬರೆದಿದ್ದರೂ ಓದುತ್ತಿರಲಿಲ್ಲ. "ಅಡುಗೆ ಮಾಡ್ದೋರು ಚೆನ್ನಾಗೈತೆ ಅಂತಾರೆ. ಉಂಡೋರು ಹೇಳ್ಬೇಕು." ತಮ್ಮ ಹಳೇ ಬಿಳಿ ವ್ಯಾನಿಗೆ ಪೆಟ್ಟಿಗೆ ಅಂಟಿಸಿ ಚಿತ್ರದುರ್ಗದಿಂದ ಹೈವೇ ಹಿಡಿದು ಹಿರಿಯೂರು, ಅಲ್ಲಿಂದ ಹೊಸದುರ್ಗ, ಹೊಸದುರ್ಗದಿಂದ ಹೊಳಲ್ಕೆರೆ, ಮತ್ತೆ ಚಿತ್ರದುರ್ಗ. ಬೆಳಿಗ್ಗೆ ಹೊರಟರೆ ಹೊತ್ತು ಮುಳುಗುವುದರೊಳಗೆ ವಾಪಸು. ನೂರು ಅಂಕದ ಪರೀಕ್ಷೆ. ಮಕ್ಕಳ ನಲವತ್ತು ಪುಟದ ನೋಟ್ ಬುಕ್ಕಿನಲ್ಲಿ ಗೀಟು ಎಳೆದು ಖಾನೆ ಮಾಡಿಟ್ಟಿದ್ದರು.

ಮೊದಲು ಟೀ. ಸ್ವಿಚ್ ಹಾಕಿ ಟೀ ಕುಡಿಯಲು ಕೂರುವುದು. ಲೋಟ ಖಾಲಿಯಾಗುವುದರೊಳಗೆ ಆ ಪೆಟ್ಟಿಗೆ ಆಕಾಶದ ಉಪಗ್ರಹ ಹಿಡಿದು, ನಾವಿರುವ ಜಾಗ ತೋರಿಸಿದರೆ ಹತ್ತು ಅಂಕ. ಎರಡನೇ ಟೀ ಬೇಕಾದರೆ ಐದು. ಮಧ್ಯಾಹ್ನದ ಬಿಸಿಲಿಗೆ ಅದರ ಮುಖ ಕಪ್ಪಿಟ್ಟು ಏನೂ ಕಾಣದೆ ಹೋದರೆ ಅಲ್ಲಿ ಹತ್ತು ಹೋಯಿತು. ಗಾಜಿಗೆ ಅಂಟುವ ರಬ್ಬರಿನ ಬಟ್ಟಲು ಹಿರಿಯೂರಿನ ಕಾವಿಗೆ ಸಡಿಲಾಗಿ ಮಡಿಲಿಗೆ ಬಿದ್ದರೆ ಇನ್ನು ಹತ್ತು. ಕಿಟಕಿ ತೆಗೆದು, ಪಕ್ಕದಲ್ಲಿ ಲಾರಿ ಹೋಗುವಾಗಲೂ ದನಿ ಕೇಳಬೇಕು, ಆದರೆ ಗದರಿಸಬಾರದು. "ಅತ್ತೆ ಥರ ಹೇಳ್ಬಾರ್ದು. ಅಕ್ಕನ ಥರ ಹೇಳ್ಬೇಕು." ಊರ ಹೆಸರು ಗೊತ್ತಿರುವುದಕ್ಕೆ ಹತ್ತು ಅಂಕ. ಆ ಖಾನೆ ನನ್ನ ಪಾಲಿಗೆ ಬಿಟ್ಟಿದ್ದರು.

ನಾನೂ ಬಿಗಿ ಮೇಷ್ಟ್ರೇ. ಹೊಳಲ್ಕೆರೆ ಹತ್ತಿರದ ತಾಳ್ಯ ಎಂದು ಒತ್ತಿದರೆ ಒಂದು ಪೆಟ್ಟಿಗೆ ಕೇರಳದ ಕಡೆ ಮುಖ ಮಾಡಿತು. ಅದಕ್ಕೆ ಸೊನ್ನೆ ಹಾಕಿಸಿದೆ. ಇನ್ನೊಂದಕ್ಕೆ ಹುಣಸೆಮರದ ಸ್ಟಾಪು ಗೊತ್ತಿರಲಿಲ್ಲ. ಅದಕ್ಕೂ ಸೊನ್ನೆ ಎಂದು ಕೂತೆ.

"ಆ ಮರ ಕಡಿದು ಹದಿನೈದು ವರ್ಷ ಆತು ರುದ್ರಣ್ಣ. ಇಲ್ಲದ ಮರ ಪೆಟ್ಟಿಗೆಗೆ ಎಲ್ಲಿಂದ ಕಾಣ್ಬೇಕು?"

"ಜನ ಇನ್ನೂ ಹುಣಸೇಮರ ಅಂತ್ಲೇ ಟಿಕೆಟ್ ಕೇಳ್ತಾರೆ ಸಾಬ್ರೆ."

ಅವರು ಸ್ವಲ್ಪ ಯೋಚನೆ ಮಾಡಿ ಒಂದು ಅಂಕ ಕಳೆದರು. ನನ್ನ ಮಾತಿಗೆ ಒಂದು ಅಂಕದ ಮರ್ಯಾದೆ.

ಹಿರಿಯೂರಿನಿಂದ ಹೊಸದುರ್ಗಕ್ಕೆ ಹೋಗುವಾಗ ಮಾರಿಕಣಿವೆ ಡ್ಯಾಮಿನ ನೀರಿನ ಪಕ್ಕದಲ್ಲಿ ಆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ನಾವು ಗಟ್ಟಿ ನೆಲದ ರಸ್ತೆಯಲ್ಲೇ ಹೋಗುತ್ತಿದ್ದೆವು. ಪೆಟ್ಟಿಗೆಯಲ್ಲಿ ಮಾತ್ರ ನಮ್ಮ ವ್ಯಾನು ನೀಲಿಯ ನಡುಮಧ್ಯೆ. ಸುತ್ತ ಎಲ್ಲಿ ನೋಡಿದರೂ ನೀರು. "ಸಾಧ್ಯವಾದಾಗ ಹಿಂದಕ್ಕೆ ತಿರುಗಿ" ಎಂದು ಅದು ಒಂದೇ ಸಮನೆ ಬೇಡಿಕೊಳ್ಳುತ್ತಿತ್ತು. ಸಾಬ್ರು ವ್ಯಾನು ನಿಲ್ಲಿಸಿದರು. ಮುಖದಲ್ಲಿ ಒಂದಿಷ್ಟೂ ನಗುವಿಲ್ಲ. ಚಪ್ಪಲಿ ಬಿಟ್ಟು ಕೈಲಿ ಹಿಡಿದುಕೊಂಡು, ಪೈಜಾಮವನ್ನು ಮೊಣಕಾಲಿನವರೆಗೆ ಎತ್ತಿಕೊಂಡು, ಹುಷಾರಾಗಿ ಒಂದೊಂದೇ ಕಾಲು ಕೆಳಗಿಟ್ಟು ಒಣ ರಸ್ತೆಗೆ ಇಳಿದರು.

"ಏನ್ ಮಾಡ್ತಿದೀರಿ ಸಾಬ್ರೆ?"

"ನೀರಾಗಿದೀವಿ ಅಂತೈತಲ್ಲ. ಬಟ್ಟೆ ಒದ್ದೆ ಆಗ್ಬಾರ್ದು."

ಕುರಿ ಮೇಯಿಸುತ್ತಿದ್ದ ಮುದುಕಿ ಒಬ್ಬಳು ಇದನ್ನೆಲ್ಲ ನೋಡುತ್ತಾ ನಿಂತಿದ್ದಳು. ನನ್ನ ಕಡೆ ತಿರುಗಿ, "ಯಾವಾಗಿಂದ ಹಿಂಗೆ?" ಎಂದು ಮರುಕದಿಂದ ಕೇಳಿದಳು. ಸಾಬ್ರು ಆಮೇಲೆ ವಾರಗಟ್ಟಲೆ ಅದನ್ನೇ ಹೇಳಿಕೊಂಡು ನಕ್ಕರು. ಆ ಪೆಟ್ಟಿಗೆಯನ್ನು ಅಂಗಡಿಯ ಕೆಳಗಿನ ಡ್ರಾಯರಿನಲ್ಲಿಟ್ಟು, "ಒಣಗ್ಲಿ" ಅಂದರು.

ಉಳಿದ ಐವತ್ತು ಅಂಕ ಒಂದೇ ಖಾನೆಯದು. ಅದರ ತಲೆಗೆ 'ಕವಲು' ಎಂದು ಬರೆದಿದ್ದರು.

ಹಾಲುರಾಮೇಶ್ವರ ದೇವಸ್ಥಾನದ ಕಡೆಯಿಂದ ಹೊಳಲ್ಕೆರೆಗೆ ಬರುವ ಒಳದಾರಿಯಲ್ಲಿ ಒಂದು ಅರಳಿಕಟ್ಟೆ ಇದೆ. ಅಲ್ಲಿ ರಸ್ತೆ ಎರಡಾಗುತ್ತದೆ. ಎಡಕ್ಕೆ ಹೋದರೆ ನಾಲ್ಕು ಹಳ್ಳಿ ಸುತ್ತಿಕೊಂಡು ಹೊಳಲ್ಕೆರೆ ದಾರಿ ಸೇರುತ್ತದೆ. ನೇರ ಹೋದರೆ ಹತ್ತೇ ನಿಮಿಷ. ಪ್ರತಿ ಸುತ್ತಿನಲ್ಲೂ ಸಾಬ್ರು ಮುಖ್ಯ ರಸ್ತೆ ಬಿಟ್ಟು ಅಲ್ಲಿಗೆ ಹೋಗುತ್ತಿದ್ದರು. ಪೆಟ್ಟಿಗೆ ನೇರ ಎಂದರೆ ಬೇಕೆಂದೇ ಎಡಕ್ಕೆ ತಿರುಗಿಸಿ, "ಒಂದು, ಎರಡು, ಮೂರು" ಎಂದು ಎಣಿಸುತ್ತಿದ್ದರು. ದಾರಿ ತಪ್ಪಿದೆ, ತಿರುಗಿ ಎಂದು ಅದು ಎಷ್ಟಕ್ಕೆ ಹೇಳುತ್ತದೆ ಎಂಬುದೇ ಪರೀಕ್ಷೆ. ಕೆಲವು ಇಪ್ಪತ್ತಕ್ಕೆ ಹೇಳುತ್ತಿದ್ದವು. ಕೆಲವು ಮೊದಲ ಹಳ್ಳಿ ಮುಟ್ಟಿದರೂ ಉಸಿರೆತ್ತುತ್ತಿರಲಿಲ್ಲ. ಇನ್ನು ಕೆಲವು ತಪ್ಪು ಎಂದು ಹೇಳದೆಯೇ ನಾವು ಹಿಡಿದ ದಾರಿಗೇ ಹೊಸ ಗೆರೆ ಎಳೆದುಬಿಡುತ್ತಿದ್ದವು. ಅವುಗಳನ್ನು ಕಂಡರೆ ಸಾಬರಿಗೆ ಆಗುತ್ತಿರಲಿಲ್ಲ. "ಇದು ಗಿರಾಕಿ ಮುಖ ನೋಡಿ ಮಾತಾಡೋ ಪೈಕಿ. ತೆಗೀರಿ ಆಚೆ" ಅನ್ನುತ್ತಿದ್ದರು. ಮಿಕ್ಕ ಖಾನೆಗೆಲ್ಲ ನಗುನಗುತ್ತಾ ಅಂಕ ಹಾಕುವವರು ಈ ಖಾನೆ ಬಂದರೆ ನಗುತ್ತಿರಲಿಲ್ಲ. ಅದು ಅವರ ಕಸುಬಿನ ಕಟ್ಟುನಿಟ್ಟು ಎಂದುಕೊಂಡಿದ್ದೆ. ಮೂರು ವರ್ಷ ಅವರ ಜೊತೆ ನಾನೂ ಎಣಿಸಿದೆ.

ಒಂದು ದಿನ ನನಗೆ ಹಠ ಬಂತು. ಪೆಟ್ಟಿಗೆ ನೇರ ಎಂದಿತು. ನಾನು ಅದರ ಮೇಲೆ ಏರಿ ಹೋದೆ. "ಏನ್ ಸಾಬ್ರೆ ಇದು, ಬಂದಾಗೆಲ್ಲ ನೇರ ಅಂತೈತೆ. ಎಡಗಡೇನೇ ಸರಿ ದಾರಿ. ಮೂವತ್ತು ವರ್ಷ ನಮ್ಮ ಬಸ್ಸು ಹೋಗಿದ್ದು ಎಡಕ್ಕೇ. ಯಾರೇ ಕೇಳಿದ್ರೂ ನಾನು ಎಡ ಅಂತ್ಲೇ ಹೇಳೋದು."

ಸಾಬ್ರು ವ್ಯಾನನ್ನು ಅರಳಿಕಟ್ಟೆಯ ಪಕ್ಕಕ್ಕೆ ಒಯ್ದು ನಿಲ್ಲಿಸಿದರು. ಬೀಗದ ಕೈ ತಿರುಗಿಸಿ ಎಂಜಿನ್ ಆರಿಸಿದರು.

"ಆವತ್ತೂ ನೀವು ಎಡ ಅಂದ್ರಿ ರುದ್ರಣ್ಣ."

"ಯಾವತ್ತು?"

ಅವರು ನನ್ನ ಕಡೆ ನೋಡಲಿಲ್ಲ. ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡೇ ಹೇಳಿದರು. ಅವರ ಹೆಂಡತಿಯ ತವರು ಅಲ್ಲಿಂದ ನಾಲ್ಕು ಮೈಲಿ ಹಿಂದಿನ ಹಳ್ಳಿ. ಆಕೆ ಚೊಚ್ಚಲ ಹೆರಿಗೆಗೆ ಅಲ್ಲಿಗೆ ಹೋಗಿದ್ದರು. ದಿನಕ್ಕೆ ಮುಂಚೆ ನೋವು ಬಂತು, ಸೂಲಗಿತ್ತಿ ತನ್ನ ಕೈಯಲ್ಲಿ ಆಗುವುದಿಲ್ಲ ಎಂದಳು. ಚಿತ್ರದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಬಾಡಿಗೆ ಕಾರು ಹಿಡಿದರು. ಡ್ರೈವರು ಬೇರೆ ಕಡೆಯವನು, ಈ ದಾರಿ ತಿಳಿಯದವನು.

"ನಿಮ್ಮ ಬಸ್ಸು ಇಲ್ಲೇ ನಿಂತಿತ್ತು, ಈ ಕಟ್ಟೆ ಹತ್ರ. ನೀವು ಮೆಟ್ಲ ಮೇಲಿದ್ರಿ. ಕಂಕುಳಾಗೆ ಚೀಲ, ಕಿವಿ ಮೇಲೆ ಪೆನ್ಸಿಲ್ಲು. ಹೊಳಲ್ಕೆರೆಗೆ ಯಾವ ಕಡೆ ಅಂತ ಡ್ರೈವರ್ ಕೇಳ್ದ. ಎಡಕ್ಕೆ ಹೋಗಪ್ಪ, ನಮ್ಮ ಬಸ್ಸಿನ ದಾರಿ, ತಪ್ಪಕ್ಕೇ ಸಾಧ್ಯ ಇಲ್ಲ ಅಂದ್ರಿ. ನೀವು ಕಾರೊಳಗೆ ನೋಡ್ಲಿಲ್ಲ. ನಿಮಗೆ ಟಿಕೆಟ್ ಕೊಡೋ ಅವಸರ."

ನಾನು ಕಟ್ಟೆಯ ಕಡೆ ನೋಡಿದೆ.

"ನಾಕು ಹಳ್ಳಿ ಸುತ್ತಿದ್ವಿ. ಒಂದು ಕಡೆ ಹುಲ್ಲಿನ ಗಾಡಿ ಅಡ್ಡ. ಆಸ್ಪತ್ರೆ ಮುಟ್ಟಿದಾಗ ಡಾಕ್ಟ್ರಮ್ಮ, ಅರ್ಧ ಗಂಟೆ ಮುಂಚೆ ಬಂದಿದ್ರೆ ಅಂದ್ರು. ಅಷ್ಟೇ ಅಂದ್ರು. ಆಕೆ ಉಳಿದ್ಲು. ಕೂಸು ದಕ್ಕಲಿಲ್ಲ. ಹೆಣ್ಣು. ಇದ್ದಿದ್ರೆ ನಿಮ್ಮ ಸುಮಾನ ವಯಸ್ಸು."

ಆ ದಿನವನ್ನು ನೆನಪು ಮಾಡಿಕೊಳ್ಳಲು ಅಲ್ಲೂ ಯತ್ನಿಸಿದೆ, ಆಮೇಲೂ ಎಷ್ಟೋ ಸಲ ಯತ್ನಿಸಿದ್ದೇನೆ. ಬರುವುದಿಲ್ಲ. ದಿನಕ್ಕೆ ಹತ್ತು ಜನ ದಾರಿ ಕೇಳುತ್ತಿದ್ದರು, ಹತ್ತು ಜನಕ್ಕೂ ಬಸ್ಸಿನ ದಾರಿ ಹೇಳುತ್ತಿದ್ದೆ. ನಾವು ಬಸ್ಸಿನವರು. ಜನ ಹತ್ತುವ ಕಡೆ ಸುತ್ತಿಕೊಂಡು ಹೋಗುವುದೇ ನಮಗೆ ದಾರಿ. ಜನ ಹತ್ತದ ರಸ್ತೆ ನಮ್ಮ ಕಣ್ಣಿಗೆ ರಸ್ತೆಯೇ ಅಲ್ಲ. ಆ ನೇರ ದಾರಿಗೆ ಆಗಷ್ಟೇ ಜಲ್ಲಿ ಹಾಕಿದ್ದರು. ಕಾರು ಧಾರಾಳವಾಗಿ ಹೋಗುತ್ತಿತ್ತು. ನಾನು ಅದನ್ನು ಎಂದೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಅವತ್ತು ಆ ವ್ಯಾನಿನಲ್ಲಿ ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು. ತಪ್ಪಾಯಿತು ಸಾಬ್ರೆ ಎಂದು. ನನ್ನ ಬಾಯಿಂದ ಬಂದದ್ದು ಬೇರೆ.

"ಆಗ ಆ ದಾರಿಗೆ ಡಾಂಬರು ಇರ್ಲಿಲ್ಲ ಸಾಬ್ರೆ."

"ಹೌದು," ಅಂದರು ಅವರು. "ಇರ್ಲಿಲ್ಲ."

ವ್ಯಾನು ಸ್ಟಾರ್ಟ್ ಮಾಡಿ ಎಡಕ್ಕೆ ತಿರುಗಿಸಿದರು. "ಎಣಿಸ್ರಿ" ಅಂದರು. ನಾನು ಎಣಿಸಲಿಲ್ಲ. ಅವರೊಬ್ಬರೇ ಎಣಿಸಿಕೊಂಡರು.

ಹೊಳಲ್ಕೆರೆಯಲ್ಲಿ ಟೀ ಕುಡಿಯುವಾಗ ಅವರೇ ಮಾತೆತ್ತಿದರು. "ಸಿಟ್ಟಿತ್ತು, ಇಲ್ಲ ಅನ್ನಲ್ಲ. ಬಾಳ ವರ್ಷ ಆ ಬಸ್ಸು ಹತ್ಲಿಲ್ಲ. ಬಸ್ ಸ್ಟ್ಯಾಂಡಾಗೆ ನಿಮ್ಮನ್ನ ಕಂಡ್ರೆ ಆ ಕಡೆ ತಿರುಗಿ ಹೋಗ್ತಿದ್ದೆ. ಈಗ ಇಲ್ಲ. ಹಳೇದು ಚುಚ್ಚಾಕೆ ಕರ್ಕಂಡು ಬರ್ತೀನಿ ಅಂತ ತಿಳ್ಕಬೇಡ್ರಿ. ಆ ಕವಲಿಗೆ ಒಬ್ಬನೇ ಬಂದ್ರೆ ವ್ಯಾನು ತಿರುಗಿಸ್ಕಂಡು ವಾಪಸ್ ಹೋಗ್ಬಿಡ್ತೀನಿ."

"ನನ್ನೇ ಯಾಕೆ ಕರೀತೀರಿ?"

"ಡ್ರೈವರ್ ಹೋದ. ಆಕೆ ಹೋದ್ಲು. ಅವತ್ತು ಅಲ್ಲಿದ್ದೋರು ಅಂದ್ರೆ ಈಗ ನಾವಿಬ್ರೇ ಅಲ್ವ."

ಆಮೇಲೂ ನಾವು ಸುತ್ತು ಹೋದೆವು. ಆ ಮಾತನ್ನು ಅವರು ಮತ್ತೆ ತೆಗೆಯಲಿಲ್ಲ. ನಾನು ಪ್ರತಿ ಸಲ ಹೊಸದುರ್ಗ ದಾಟುವಾಗ ಮಾತು ಸಿದ್ಧಮಾಡಿಕೊಳ್ಳುತ್ತಿದ್ದೆ. ಅರಳಿಕಟ್ಟೆ ಬರುವವರೆಗೂ ಅದು ನಾಲಿಗೆಯ ತುದಿಯಲ್ಲಿ ಇರುತ್ತಿತ್ತು. ಕಟ್ಟೆ ದಾಟಿದ ಮೇಲೆ ನುಂಗಿಕೊಳ್ಳುತ್ತಿದ್ದೆ.

ಎಲ್ಲರ ಕೈಗೂ ಫೋನು ಬಂತು. ಫೋನೇ ದಾರಿ ಹೇಳತೊಡಗಿತು. ಪೆಟ್ಟಿಗೆ ಕೇಳಿಕೊಂಡು ಬರುವವರು ಇಲ್ಲವಾದರು. ಸಾಬ್ರು ಒಂದು ವೈರಿನ ತುದಿಯನ್ನು ಸುಲಿಯುತ್ತಾ, ಮತ್ತೆ ಅದನ್ನೇ ಕತ್ತರಿಸಿ ಸುಲಿಯುತ್ತಾ ಮಧ್ಯಾಹ್ನವೆಲ್ಲ ಕೂರುತ್ತಿದ್ದರು. ಹೊಸ ಪೆಟ್ಟಿಗೆ ಬರದೆ ಸುತ್ತೂ ನಿಂತಿತು. ಎರಡು ಲೋಟ ಟೀ ಮಾತ್ರ ನಿಲ್ಲಲಿಲ್ಲ. ಮಾತು ಕಡಿಮೆಯಾಗಿ, ಕೆಲವು ದಿನ ಲೋಟ ಕೆಳಗಿಡುವ ಸದ್ದು ಬಿಟ್ಟರೆ ಬೇರೆ ಇರುತ್ತಿರಲಿಲ್ಲ.

ನನ್ನ ಅಳಿಯ ಮಂಜುನಾಥ ಹಿರಿಯೂರಿನವನು. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡು ತೋರಿಸಲು ಬಂದ. ಸಾಬ್ರು ಎದ್ದು, ಕಾರಿನ ಸುತ್ತ ಒಂದು ಸಲ ನಡೆದು, ಒಳಗಿನಿಂದ ಒಂದು ಪೆಟ್ಟಿಗೆ ತಂದರು. ನೂರಕ್ಕೆ ತೊಂಬತ್ತು ದಾಟಿದ್ದು ಅದೊಂದೇ. ಕವಲಿನಲ್ಲಿ ನಾಲ್ಕು ಎಣಿಸುವುದರೊಳಗೆ ತಪ್ಪು ಎಂದಿದ್ದ ಪೆಟ್ಟಿಗೆ. ಅದನ್ನು ಯಾರು ಕೇಳಿದರೂ ಕೊಟ್ಟಿರಲಿಲ್ಲ.

"ಬ್ಯಾಡ ಬಿಡ್ರಿ, ಫೋನಾಗೇ ಎಲ್ಲ ಐತೆ" ಎಂದ ಅಳಿಯ.

"ಅಳಿಯಂದ್ರೆ, ಫೋನಿಗೆ ಟವರ್ ಬೇಕು. ಇದಕ್ಕೆ ಆಕಾಶ ಸಾಕು" ಎಂದು ಹೇಳಿ ಅವರೇ ಗಾಜು ಒರೆಸಿ ಅಂಟಿಸಿದರು. ರಬ್ಬರಿನ ಬಟ್ಟಲನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು ಬಹಳ ಹೊತ್ತು ನಿಂತಿದ್ದರು. ಅವರ ಕೈಯ ಕೊನೆಯ ಕೆಲಸ ಅದು.

ಸಕ್ಕರೆ ಕಾಯಿಲೆ ಕಾಲಿಗೆ ಇಳಿಯಿತು. ಭರಮಸಾಗರದಲ್ಲಿದ್ದ ತಂಗಿ ಬಂದು ಕರೆದುಕೊಂಡು ಹೋದಳು. ನಾನು ಒಂದು ಸಲ ನೋಡಲು ಹೋದೆ. ಕೆರೆಯ ಕಡೆ ಮುಖ ಮಾಡಿದ ಮನೆ. ಜಗಲಿಯ ಮೇಲೆ ಮಂಚ ಹಾಕಿಸಿಕೊಂಡು ಮಲಗಿದ್ದರು. ಗಡ್ಡಕ್ಕೆ ಗೋರಂಟಿ ಇರಲಿಲ್ಲ, ಪೂರ್ತಿ ಬಿಳಿ. ನನ್ನನ್ನು ಕಂಡು, "ಬರ್ರಿ ಕಂಡಕ್ಟರ್ ಸಾಹೇಬ್ರೆ, ಕುಂತ್ಕಳ್ರಿ. ಯಾವ ಬಸ್ಸಿಗೆ ಬಂದ್ರಿ? ಟೈಮಿಗೆ ಬಂತಾ?" ಎಂದು ಬಸ್ಸಿನ ಕ್ಷೇಮ ಮೊದಲು ವಿಚಾರಿಸಿದರು. ದಿಂಬಿನ ಕೆಳಗಿನಿಂದ ಬಟ್ಟೆ ಸುತ್ತಿದ ನೋಟ್ ಬುಕ್ಕು ತೆಗೆದು ಕೊಟ್ಟರು.

"ನಿಮ್ಮ ಹತ್ರ ಇರ್ಲಿ. ಸುಮಾಗೆ ಏನಾದ್ರೂ ವಿಶೇಷ ಐತಾ?"

"ಇನ್ನೂ ಇಲ್ಲ ಸಾಬ್ರೆ."

"ಆಗ್ತೈತೆ. ಆದ್ರೆ ನಂಗೆ ಹೇಳಿ ಕಳಸ್ರಿ."

ಆಮೇಲೆ ಇಬ್ಬರೂ ಕೆರೆ ನೋಡುತ್ತಾ ಕೂತೆವು. ಇದೇ ಹೊತ್ತು, ಈಗ ಹೇಳದಿದ್ದರೆ ಇಲ್ಲ ಎಂದು ನನಗೆ ಗೊತ್ತಿತ್ತು. "ಸಾಬ್ರೆ, ಆವತ್ತು ಕವಲಾಗೆ..." ಎಂದು ಶುರು ಮಾಡಿದೆ. ಅವರು ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ರಸ್ತೆಯಿಂದ ಬಸ್ಸಿನ ಹಾರನ್ನು ಕೇಳಿತು. ನಾನು ಎದ್ದು ನಿಂತಿದ್ದೆ. ಇಪ್ಪತ್ತು ನಿಮಿಷಕ್ಕೆ ಇನ್ನೊಂದು ಬಸ್ಸು ಇತ್ತು, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಹಾರನ್ನು ಕೇಳಿದರೆ ಈ ಕಾಲು ನಿಲ್ಲುವುದಿಲ್ಲ. "ನಿಮ್ಮ ಬಸ್ಸು ಬಂತು, ಹೋಗ್ರಿ ಹೋಗ್ರಿ" ಎಂದು ಅವರು ಕೈ ಬೀಸಿದರು. "ಬರ್ತೀನಿ ಸಾಬ್ರೆ" ಎಂದು ಹೇಳಿ ಓಡಿದೆ. ಕಿಟಕಿಯಿಂದ ನೋಡಿದಾಗ ಅವರ ಕೈ ಇನ್ನೂ ಮೇಲೆಯೇ ಇತ್ತು. ಮುಂದಿನ ತಿಂಗಳು ಸುದ್ದಿ ಬಂತು. ನನಗೆ ತಿಳಿಯುವ ಹೊತ್ತಿಗೆ ಮಣ್ಣು ಆಗಿ ಎರಡು ದಿನವಾಗಿತ್ತು.

ಅವರು ಹೋದ ಮೂರು ನಾಲ್ಕು ತಿಂಗಳಿಗೆ ಸುಮಾ ಗರ್ಭಿಣಿಯಾದಳು. ಮಗು ಅಡ್ಡಲಾಗಿದೆ, ನೋವು ಬಂದರೆ ಎಲ್ಲೂ ನಿಲ್ಲದೆ ನಮ್ಮಲ್ಲಿಗೇ ಬನ್ನಿ ಎಂದು ಚಿತ್ರದುರ್ಗದ ಡಾಕ್ಟರು ಹೇಳಿದ್ದರು. ಆದರೆ ಮಗುವಿಗಾಗಿ ಹಾಲುರಾಮೇಶ್ವರಕ್ಕೆ ಹರಕೆ ಹೊತ್ತಿದ್ದರು, ಹೆರಿಗೆಗೆ ಮೊದಲೇ ತೀರಿಸಬೇಕೆಂದು ಹೆಂಗಸರ ಹಠ. ಇಂಥ ಹೊತ್ತಿನಲ್ಲಿ ಬೇಡ ಎಂದು ನಾನು ಅಂದರೆ, "ನೀವು ಸುಮ್ನಿರ್ರೀ" ಎಂದಳು ನನ್ನ ಹೆಂಡತಿ. ಹೋಗುವಾಗ ಅಳಿಯ ಮುಖ್ಯ ರಸ್ತೆಯಲ್ಲೇ ಕಾರು ಓಡಿಸಿದ. ಪೂಜೆ ಮುಗಿಸಿ ಮೆಟ್ಟಿಲು ಇಳಿಯುವಾಗ ಸುಮಾ ಸೊಂಟ ಹಿಡಿದು ಕೂತುಬಿಟ್ಟಳು. ಮಧ್ಯಾಹ್ನ ಎರಡು ಗಂಟೆಯ ಬಿಸಿಲು. ಹಿಂದಿನ ಸೀಟಿನಲ್ಲಿ ತಾಯಿಯ ತೊಡೆಯ ಮೇಲೆ ಮಲಗಿಸಿಕೊಂಡು, ಬೇಗ ಮುಟ್ಟಲು ಒಳದಾರಿ ಹಿಡಿದು ಹೊರಟೆವು. ನೋವು ಬಂದಾಗ ಅವಳು ಮುಂದಿನ ಸೀಟಿನ ಬೆನ್ನನ್ನು ಒದೆಯುತ್ತಿದ್ದಳು. ಅದು ನನ್ನ ಬೆನ್ನಿಗೆ ತಾಗುತ್ತಿತ್ತು.

ದಾರಿಯಲ್ಲಿ ಅಳಿಯನ ಫೋನು ಸುತ್ತುತ್ತಾ ನಿಂತುಬಿಟ್ಟಿತು. ಟವರ್ ಇಲ್ಲ. ಗಾಜಿನ ಮೇಲಿನ ಪೆಟ್ಟಿಗೆ ಮಾತ್ರ ಅಕ್ಕನ ದನಿಯಲ್ಲಿ ಹೇಳುತ್ತಲೇ ಇತ್ತು. ಅರಳಿಕಟ್ಟೆ ಕಂಡಿತು.

"ನೇರವಾಗಿ ಮುಂದೆ ಸಾಗಿ."

ಅಳಿಯ ಬ್ರೇಕಿನ ಮೇಲೆ ಕಾಲಿಟ್ಟ. "ಮಾವ, ಇದು ನೇರ ಅಂತೈತೆ. ನಿಮ್ಮ ಬಸ್ಸು ಓಡಿದ ರೋಡು. ಯಾವ ಕಡೆ, ಹೇಳ್ರಿ."

ಎಡ ಎಂಬ ಮಾತು ಗಂಟಲಿಗೆ ಬಂದಿತ್ತು. ಬರುವುದೇ. ಮೂವತ್ತು ವರ್ಷ ಅದೇ ಮಾತು ಬಂದ ಗಂಟಲು.

"ಪೆಟ್ಟಿಗೆ ಹೇಳ್ದಂಗೆ ಹೋಗಪ್ಪ."

ಹಿಂದಿನಿಂದ ಹೆಂಡತಿ ಕೂಗಿದಳು. "ಏನ್ರೀ, ನಿಮಗೆ ಗೊತ್ತಿರೋ ದಾರಿ ಬಿಟ್ಟು?"

"ನಂಗೆ ಗೊತ್ತಿರೋದು ಬಸ್ಸಿನ ದಾರಿ ಕಣೇ. ಹೋಗಪ್ಪ ನೀನು, ನೇರ ಹೋಗು."

ಆ ನೇರ ದಾರಿಯಲ್ಲಿ ನಾನು ಹೋದದ್ದು ಅದೇ ಮೊದಲು. ಸಾಬರ ಜೊತೆ ಅಷ್ಟು ಸಲ ಬಂದಾಗಲೂ ನಾವು ಎಡಕ್ಕೇ ತಿರುಗಿಕೊಂಡಿದ್ದೆವು. ಎರಡೂ ಕಡೆ ಜೋಳದ ಹೊಲ, ಒಂದು ಹಾಳುಬಾವಿ, ಒಬ್ಬ ಮನುಷ್ಯನೂ ಕಾಣಲಿಲ್ಲ. ಹತ್ತು ನಿಮಿಷಕ್ಕೆ ಹೊಳಲ್ಕೆರೆ ರಸ್ತೆ ಬಂತು. ಆಸ್ಪತ್ರೆಯಲ್ಲಿ ಒಳಗೆ ಕರೆದುಕೊಂಡು ಹೋದರು. ಮುಕ್ಕಾಲು ಗಂಟೆಯಾದ ಮೇಲೆ ಡಾಕ್ಟರು ಹೊರಗೆ ಬಂದು, "ಸರಿಯಾದ ಟೈಮಿಗೆ ಬಂದ್ರಿ. ಹೆಣ್ಣು ಮಗು, ಇಬ್ರೂ ಚೆನ್ನಾಗಿದಾರೆ" ಎಂದರು. ಹೆಂಡತಿ ದೇವರಿಗೆ ಕೈ ಮುಗಿದಳು. ಅಳಿಯ ಅಳುತ್ತಿದ್ದ. ನಾನು ಕೆಳಗಿಳಿದು ಬಂದು ಕಾರಿನ ಮುಂದಿನ ಸೀಟಿನಲ್ಲಿ ಕೂತೆ. ಪೆಟ್ಟಿಗೆ ಹಿರಿಯೂರಿನ ಬಿಸಿಲಿಗೂ ಸಡಿಲಾಗದ ಹಾಗೆ ಗಾಜು ಹಿಡಿದುಕೊಂಡಿತ್ತು. ಅದರ ಬಟ್ಟಲಿನ ಮೇಲೆ ಹೆಬ್ಬೆರಳು ಇಟ್ಟೆ.

ನೋಟ್ ಬುಕ್ಕನ್ನು ಇಷ್ಟು ದಿನ ಬೀರುವಿನಲ್ಲಿ ಬಟ್ಟೆ ಸಮೇತ ಇಟ್ಟಿದ್ದೆ. ತೆರೆಯಲು ಮನಸ್ಸು ಬಂದಿರಲಿಲ್ಲ. ಮೊನ್ನೆ, ಈ ಪೆಟ್ಟಿಗೆಗೆ ಪೂರ್ತಿ ನೂರು ಹಾಕಿಬಿಡೋಣ ಎಂದು ತೆರೆದೆ. ಪುಟಪುಟಕ್ಕೂ ಅವರ ದುಂಡು ಅಕ್ಷರ. ಮಾರಿಕಣಿವೆಯ ಪೆಟ್ಟಿಗೆಯ ಮುಂದೆ 'ಈಜು ಬರಲ್ಲ' ಎಂದು ಬರೆದಿದ್ದರು. ನಗುತ್ತಾ ಹಾಳೆ ತಿರುಗಿಸುತ್ತಾ ಕೊನೆಗೆ ಬಂದೆ. ಕೊನೆಯ ಸಾಲಿನಲ್ಲಿ ಕಂಪನಿಯ ಹೆಸರು ಇರಬೇಕಾದ ಕಡೆ 'ರುದ್ರಣ್ಣ, ಕಂಡಕ್ಟರ್' ಎಂದಿತ್ತು.

ಹೆಸರಿಗೆ ಹತ್ತಕ್ಕೆ ಹತ್ತು. ದನಿಗೆ ಹತ್ತಕ್ಕೆ ಹನ್ನೆರಡು. ಬಿಸಿಲು ತಡೆಯುವುದಕ್ಕೆ ಹತ್ತು. ಅಂಟಿಕೊಳ್ಳುವುದಕ್ಕೆ ಹತ್ತು, ಪಕ್ಕದಲ್ಲಿ 'ಬಿಡಲ್ಲ' ಎಂದು ಬರೆದಿದೆ. ಟೀಗೆ ಐದು, 'ಎರಡು ಬೇಕು'. ಕವಲಿನ ಖಾನೆಗೂ ಗೀಟು ಎಳೆದಿದ್ದಾರೆ. ಸೊನ್ನೆ ಹಾಕಬಹುದಿತ್ತು. ಹಾಕಿಲ್ಲ. ಐವತ್ತೂ ಹಾಕಿಲ್ಲ. ಜಾಗ ಬಿಟ್ಟಿದ್ದಾರೆ.

ತಪ್ಪಿದ್ದನ್ನು ಎಷ್ಟಕ್ಕೆ ಹೇಳುತ್ತದೆ ಎಂಬುದಕ್ಕೆ ಆ ಅಂಕ. ಆ ಪೆಟ್ಟಿಗೆ ನಾಲ್ಕಕ್ಕೆ ಹೇಳಿತು. ನಾನು ಹೇಳಲಿ ಎಂದು ಅವರು ಭರಮಸಾಗರದ ಮಂಚದ ಮೇಲೂ ಎಣಿಸುತ್ತಿದ್ದರೇನೋ.

ಸಾಬ್ರೆ, ಸುಮಾಗೆ ಹೆಣ್ಣು ಕೂಸು ಆಯಿತು. ನೇರ ದಾರಿಯಲ್ಲಿ ಹೋದೆವು. ಆವತ್ತು ನಾನು ಹೇಳಿದ್ದು ತಪ್ಪು ದಾರಿ.

ಒಳಗೆ ಕೂಸು ಅಳುತ್ತಿದೆ. ಎಲ್ಲರೂ ಒಮ್ಮೆಗೇ ಅದರ ಕಡೆ ಓಡುತ್ತಿದ್ದಾರೆ. ನಾನು ಜಗಲಿಯಲ್ಲಿ ನೋಟ್ ಬುಕ್ಕು ಬಿಚ್ಚಿಕೊಂಡು ಕೂತಿದ್ದೇನೆ. ಪೆನ್ಸಿಲ್ ಕಿವಿಯ ಮೇಲೆ ಇದೆ. ಆ ಖಾನೆಗೆ ಅಂಕ ಹಾಕಬೇಕಾದ ಕೈ ನನ್ನದಲ್ಲ. ಜಾಗ ಹಾಗೆಯೇ ಇದೆ.